ಜನರ ಕೂಗಿಗಿಂತ ಮುಂಚೆ

ಸೌತ್‌ಫೀಲ್ಡ್, ಮಿಶಿಗನ್
೧೯ ಸೆಪ್ಟೆಂಬರ್ ೧೯೭೬, ಭಾನುವಾರ

ಪ್ರೀತಿಯ ಅಮ್ಮ,

ನಾವಿಬ್ಬರೂ ಆರೋಗ್ಯವಾಗಿದ್ದೇವೆ. ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ತಡವಾಯಿತೆಂದು ಕೋಪ ಮಾಡಿಕೊಳ್ಳಬೇಡ. ನಿನಗೆ ಹೇಳಬೇಕಾದ ಸಂಗತಿಯೊಂದಿತ್ತು, ಅದು ಪೂರ್ತಿ ಮುಗಿಯಲಿ ಎಂದು ಕಾದಿದ್ದೆ. ಹೋದ ಭಾನುವಾರ ಮುಗಿಯಿತು. ಎಷ್ಟು ಚೆನ್ನಾಗಿ ಮುಗಿಯಿತೆಂದರೆ, ನಿನ್ನ ಅಳಿಯ ವಾರವೆಲ್ಲ ಡಿಯರ್‌ಬಾರ್ನ್ ಆಫೀಸಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಅದನ್ನೇ ಹೇಳಿದ್ದಾರೆ. ಈಗ ಇವರು ಹಿತ್ತಲಲ್ಲಿ ಹುಲ್ಲು ಕತ್ತರಿಸುತ್ತಿದ್ದಾರೆ. ನಾನು ಕಾಫಿ ಬೆರೆಸಿಕೊಂಡು ಬಂದು ಕೂತಿದ್ದೇನೆ. ಉದ್ದವಾದರೆ ಬೇಸರಪಡಬೇಡ.

ರೋಗಿಗಳ ವಿಷಯ ಡಾಕ್ಟರಾದವಳು ಹೊರಗೆ ಹೇಳಬಾರದು. ಆದರೆ ಈ ರೋಗಿ ತನ್ನ ಕಥೆಯನ್ನು ತಾನೇ ರೇಡಿಯೋದಲ್ಲಿ ಊರಿಗೆಲ್ಲ ಹೇಳಿಬಿಟ್ಟಿದ್ದಾರೆ. ಹಾಗಾಗಿ ನನಗೆ ದೋಷವಿಲ್ಲ.

ಅವರ ಹೆಸರು ಆರ್ಥರ್ ಡೊಬೆಕ್. ಬೇಸ್‌ಬಾಲ್ ಪಂದ್ಯಗಳ ರೇಡಿಯೋ ಕಾಮೆಂಟರಿ ಹೇಳುವವರು, ಅರವತ್ತಾರು ವರ್ಷ. ಬೇಸ್‌ಬಾಲ್ ಅಂದರೆ ಕ್ರಿಕೆಟ್ಟಿನ ದಾಯಾದಿ ಅಂದುಕೋ. ನಮ್ಮ ಸಿಕ್ಸರ್‌ಗೆ ಇಲ್ಲಿ ಹೋಮ್ ರನ್ ಅನ್ನುತ್ತಾರೆ. ೧೯೬೮ರಲ್ಲಿ ನಾನು ಚಿಕಾಗೋಗೆ ಬಂದಿಳಿದಾಗ ಆಸ್ಪತ್ರೆಯಲ್ಲಿ ರೋಗಿಗಳು ಆಡುವ ಇಂಗ್ಲಿಷ್ ನನಗೆ ತಿಳಿಯುತ್ತಿರಲಿಲ್ಲ, ನನ್ನದು ಅವರಿಗೆ ತಿಳಿಯುತ್ತಿರಲಿಲ್ಲ. ಆಗ ಡೊಬೆಕ್ ಚಿಕಾಗೋ ತಂಡದ ಪಂದ್ಯಗಳಿಗೆ ಕಾಮೆಂಟರಿ ಹೇಳುತ್ತಿದ್ದರು. ಇವರು ರೇಡಿಯೋ ಹಾಕಿಕೊಂಡು ಕೂರುತ್ತಿದ್ದರು, ನಾನು ಸಾರಿಗೆ ಒಗ್ಗರಣೆ ಹಾಕುತ್ತ ಕೇಳುತ್ತಿದ್ದೆ. ಯಾವ ಆಟಗಾರ ಟೋಪಿಯನ್ನು ಓರೆಯಾಗಿ ಇಟ್ಟಿದ್ದಾನೆ, ಯಾರ ಪ್ಯಾಂಟಿನ ಮಂಡಿಗೆ ಹುಲ್ಲಿನ ಕಲೆ ಹತ್ತಿದೆ, ಹಿಂದಿನ ಸಾಲಿನ ಹೆಂಗಸು ಐಸ್‌ಕ್ರೀಮ್ ಬೀಳಿಸಿಕೊಂಡಳೇ, ಎಲ್ಲವನ್ನೂ ಆ ಮನುಷ್ಯ ಹೇಳುತ್ತಿದ್ದರು. ಈ ದೇಶದ ಮಾತನ್ನು ನಾನು ಕಲಿತದ್ದು ಅವರ ಬಾಯಿಂದ.

ನಾವು ಮಿಶಿಗನ್‌ಗೆ ಬರುವ ಹೊತ್ತಿಗೆ ಅವರೂ ಡೆಟ್ರಾಯಿಟ್‌ನ ಒಂದು ರೇಡಿಯೋ ಸ್ಟೇಷನ್‌ಗೆ ಬಂದಿದ್ದರು. ಹಳೇ ನೆಂಟರೊಬ್ಬರು ಪಕ್ಕದ ಬೀದಿಗೆ ಬಂದಷ್ಟು ಸಂತೋಷವಾಗಿತ್ತು. ಆದರೆ ಹೋದ ಬೇಸಿಗೆಯಿಂದ ಆ ಧ್ವನಿ ಸಪ್ಪಗಾಯಿತು. ಟೋಪಿಯಿಲ್ಲ, ಹುಲ್ಲಿನ ಕಲೆಯಿಲ್ಲ. ಚೆಂಡು ಎಸೆದ, ಹೊಡೆದ, ಔಟಾದ. ಅಷ್ಟೇ. ಪತ್ರಿಕೆಯವರು ಮುದುಕನಿಗೆ ಆಟದ ಮೇಲೆ ಮನಸ್ಸಿಲ್ಲ, ಮನೆಗೆ ಕಳಿಸಿ ಎಂದು ಬರೆದರು. ಇವರಿಗೂ ಬೇಜಾರು. “ಮನುಷ್ಯನಿಗೆ ಉತ್ಸಾಹ ಸತ್ತುಹೋಗಿದೆ ಕಣೇ. ಸಂಬಳಕ್ಕೆ ಮಾತಾಡ್ತಿದಾನೆ” ಎಂದರು.

ಈ ಜೂನ್ ಮೊದಲಲ್ಲಿ ಒಂದು ಭಾನುವಾರ ಇವರು ನನ್ನನ್ನು ಪಂದ್ಯಕ್ಕೆ ಕರೆದುಕೊಂಡು ಹೋದರು. ಇಲ್ಲಿ ಜನ ಮೈದಾನದಲ್ಲಿ ಕೂತು ಆಟ ನೋಡುತ್ತಲೇ ಕಿವಿಗೆ ಟ್ರಾನ್ಸಿಸ್ಟರ್ ಹಚ್ಚಿಕೊಂಡು ಕಾಮೆಂಟರಿಯನ್ನೂ ಕೇಳುತ್ತಾರೆ. ನಾವೂ ಒಯ್ದಿದ್ದೆವು. ಕಣ್ಣಿನ ಮುಂದೆ ಆಟ, ಕಿವಿಯಲ್ಲಿ ಡೊಬೆಕ್. ಆಗ ನನಗೊಂದು ವಿಷಯ ಹೊಳೆಯಿತು. ಚೆಂಡು ಹೋಗಿ ಬೀಳುತ್ತದೆ, ಜನ ಕೂಗುತ್ತಾರೆ, ಆಮೇಲೆ ಡೊಬೆಕ್ ಹೇಳುತ್ತಾರೆ. ಪ್ರತಿ ಸಲವೂ ಹಾಗೇ. ಹೊತ್ತು ವಾಲಿ ಬಿಸಿಲು ಕಾಮೆಂಟರಿ ಕೋಣೆಗೆ ನೇರವಾಗಿ ಹೊಡೆಯತೊಡಗಿದ ಮೇಲೆ ಇನ್ನೂ ತಡವಾಯಿತು. ಕೊನೆಗೆ ಒಬ್ಬ ಎತ್ತಿ ಹೊಡೆದ ಚೆಂಡನ್ನು ಬೇಲಿಯ ಹತ್ತಿರ ನಿಂತವನು ಹಾರಿ ಹಿಡಿದ. ಜನ ಎದ್ದುನಿಂತು ಕೂಗಿದರು. ಡೊಬೆಕ್ ಆ ಕೂಗು ಕೇಳಿ, ಹೋಮ್ ರನ್ ಎಂದು ಸಾರಿಬಿಟ್ಟರು. ಸುತ್ತ ಕೂತಿದ್ದವರು ಟ್ರಾನ್ಸಿಸ್ಟರ್ ಕಡೆ ನೋಡಿ ನಕ್ಕರು. ನನಗೆ ನಗು ಬರಲಿಲ್ಲ.

“ಇದು ಉತ್ಸಾಹದ ಕಥೆ ಅಲ್ಲ ಕಣ್ರೀ. ಆ ಮನುಷ್ಯನಿಗೆ ಚೆಂಡು ಕಾಣಿಸ್ತಿಲ್ಲ” ಎಂದೆ.

ಆಟ ಮುಗಿದ ಮೇಲೆ ಅವರನ್ನು ನೋಡಲೇಬೇಕೆಂದು ಹಟ ಹಿಡಿದೆ. ಇವರು, “ಬೇಡ ಕೌಸಿ, ಗುರುತಿಲ್ಲ ಪರಿಚಯವಿಲ್ಲ, ಏನಂದ್ಕೋತಾರೆ” ಎಂದು ಗೊಣಗುತ್ತಲೇ ಜೊತೆಗೆ ಬಂದರು. ಹಿಂಬಾಗಿಲ ಬಳಿ ಒಬ್ಬ ಹಿರಿಯ ಹೆಂಗಸು ಕಾರು ನಿಲ್ಲಿಸಿಕೊಂಡು ಕಾಯುತ್ತಿದ್ದರು. ಡೊಬೆಕ್ ಹೊರಗೆ ಬಂದರು. ಎತ್ತರದ ಆಳು, ಬಿಳಿ ಅಂಗಿ. ಫುಟ್‌ಪಾತ್ ಇಳಿಯುವಾಗ ಕಾಲಿನಿಂದ ಅಂಚನ್ನು ತಡವಿ, ಆಕೆಯ ಮೊಣಕೈ ಹಿಡಿದು ಇಳಿದರು. ಆಕೆ ಅವರ ಹೆಂಡತಿ ಹೆಲೆನ್.

ನಾನು ಕಣ್ಣಿನ ಡಾಕ್ಟರು, ಚಿಕಾಗೋದಿಂದ ನಿಮ್ಮ ಮಾತು ಕೇಳಿಕೊಂಡು ಬಂದವಳು ಎಂದು ಪರಿಚಯ ಹೇಳಿಕೊಂಡೆ. ನಿಮ್ಮ ಕಣ್ಣು ನೋಡಬೇಕು ಎಂದೆ. ಅವರಿಗೆ ಸಿಟ್ಟು ಬಂತು. “ಅಮ್ಮಣ್ಣಿ, ನಾನು ಕುರುಡ ಅಲ್ಲ. ನನಗೆ ಈ ಆಟ ಸಾಕಾಗಿದೆ, ಅಷ್ಟೇ” ಎಂದು ಕಾರಿನಲ್ಲಿ ಕೂತು ಬಾಗಿಲು ಹಾಕಿಕೊಂಡರು. ಹೆಲೆನ್ ಮಾತ್ರ ನನ್ನ ಕೈಯಿಂದ ಆಸ್ಪತ್ರೆಯ ಕಾರ್ಡು ತೆಗೆದುಕೊಂಡು ಪರ್ಸಿಗೆ ಸೇರಿಸಿದರು.

ಮರುದಿನ ಪತ್ರಿಕೆಗಳು ಆ ಹೋಮ್ ರನ್ ಹಿಡಿದುಕೊಂಡು ಆಡಿಕೊಂಡವು. ಸ್ಟೇಷನ್ನಿನವರು ಅವರಿಗೆ ರಜೆ ಕೊಟ್ಟು, ಜೊತೆಗಿದ್ದ ರಾನ್ ಎಂಬ ಕಿರಿಯ ಕಾಮೆಂಟೇಟರನ್ನು ಆ ಜಾಗದಲ್ಲಿ ಕೂರಿಸಿದರು. ಮುಂದಿನ ವರ್ಷಕ್ಕೆ ಡೊಬೆಕ್ ಇರುವುದಿಲ್ಲ ಎಂದು ಸುದ್ದಿಯಾಯಿತು. ಆ ವಾರವೇ ಹೆಲೆನ್ ಗಂಡನನ್ನು ನನ್ನ ಕ್ಲಿನಿಕ್ಕಿಗೆ ಕರೆತಂದರು.

ಎರಡು ಕಣ್ಣಿನಲ್ಲೂ ಪೊರೆ. ಬಲಗಣ್ಣಿನದು ಪೂರ್ತಿ ಬಲಿತಿತ್ತು. ನಾನು ದೀಪ ಆರಿಸಿ ಕೂತೆ. ಅವರೇ ಬಾಯಿ ಬಿಟ್ಟರು. “ಎರಡು ವರ್ಷದಿಂದ ಸುಳ್ಳು ಹೇಳ್ತಿದೀನಿ ಡಾಕ್ಟರ್. ರಾನ್ ಪಿಸುಗುಟ್ಟೋದು, ಜನ ಕೂಗೋದು, ಅದನ್ನ ಕೇಳಿಕೊಂಡು ನೋಡಿದವನ ಹಾಗೆ ಮಾತಾಡೋದು. ದಿನಾ ಸುಳ್ಳು ಹೇಳೋ ಕೆಲಸದ ಮೇಲೆ ಯಾವನಿಗೆ ಪ್ರೀತಿ ಉಳಿಯುತ್ತೆ? ಬೆಳಿಗ್ಗೆ ಎದ್ದರೆ ಮಳೆ ಬಂದು ಆಟ ನಿಲ್ಲಲಿ ಅನ್ನಿಸ್ತಿತ್ತು.”

ಆಪರೇಷನ್ ಎಂದ ಕೂಡಲೇ ಬೇಡವೇ ಬೇಡ ಎಂದು ಎದ್ದುಬಿಟ್ಟರು. ಅವರ ತಂದೆ ಚಿಕಾಗೋದ ಕಸಾಯಿಖಾನೆಯಲ್ಲಿ ದುಡಿಯುತ್ತಿದ್ದರಂತೆ. ಅವರಿಗೂ ಪೊರೆ ತೆಗೆಸಿ, ತಲೆ ಅಲ್ಲಾಡಬಾರದೆಂದು ಎರಡೂ ಪಕ್ಕ ಮರಳಿನ ಚೀಲವಿಟ್ಟು ವಾರಗಟ್ಟಲೆ ಮಲಗಿಸಿದ್ದರಂತೆ. ಕೊನೆಗೆ ಆ ಕಣ್ಣು ಹೋಯಿತು. ಆ ಚೀಲಗಳು ಈ ಮಗನ ತಲೆಯಲ್ಲಿ ಇಷ್ಟು ವರ್ಷ ಹಾಗೇ ಕೂತಿದ್ದವು. ಈಗ ಹಾಗಿಲ್ಲ, ಮಾರನೆಯ ದಿನವೇ ಎಬ್ಬಿಸಿ ಕೂರಿಸುತ್ತೇವೆ ಎಂದು ಬಿಡಿಸಿ ಹೇಳಿದೆ. ನಂಬಲಿಲ್ಲ. ಹೆಲೆನ್, “ಆರ್ಟ್, ಈಗಲೂ ನಿನಗೆ ಕಾಣಿಸ್ತಿಲ್ಲ. ಕಳಕೊಳ್ಳೋಕೆ ಏನುಳಿದಿದೆ?” ಎಂದು ಮೆಲ್ಲಗೆ ಹೇಳಿದರು. ಕೊನೆಗೆ ಅವರು ಒಪ್ಪಿದರು.

ನಮ್ಮ ವಿಭಾಗದ ಹಿರಿಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, ಊರಿಗೆಲ್ಲ ಗೊತ್ತಿರುವ ಮನುಷ್ಯ, ಏನಾದರೂ ಹೆಚ್ಚುಕಡಿಮೆಯಾದರೆ ನಿನ್ನ ಹೆಸರು ಕೆಡುತ್ತದೆ, ಬೇರೆಯವರಿಗೆ ಬಿಡು ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನನಗೂ ಭಯವಿತ್ತು ಅಮ್ಮ, ಮುಚ್ಚಿಡುವುದಿಲ್ಲ. ಡೊಬೆಕ್‌ಗೆ ವಿಷಯ ತಿಳಿಸಿ, ಯಾರು ಬೇಕೋ ನೀವೇ ಆರಿಸಿಕೊಳ್ಳಿ ಎಂದೆ. “ನನ್ನ ಮಾತು ಕೇಳಿದವರು ಲಕ್ಷ ಜನ ಇದಾರೆ. ಅದರಲ್ಲಿ ನನಗೆ ಕಾಣಿಸ್ತಿಲ್ಲ ಅಂತ ಕಂಡುಹಿಡಿದವರು ನೀವೊಬ್ಬರೇ. ಕಣ್ಣಿಗೆ ಕೈ ಹಾಕೋದಾದ್ರೆ ನೀವೇ ಹಾಕಿ” ಎಂದರು.

ಜೂನ್ ಕೊನೆಯಲ್ಲಿ ಬಲಗಣ್ಣಿನ ಪೊರೆ ತೆಗೆದೆ. ಯಾವ ತೊಡಕೂ ಆಗಲಿಲ್ಲ. ಆದರೆ ಅಲ್ಲಿಗೆ ಮುಗಿಯಲಿಲ್ಲ. ಗಾಯ ಪೂರ್ತಿ ಮಾಗಿದ ಮೇಲಷ್ಟೇ ಕಣ್ಣಿನ ಮೇಲೆ ಕಾಂಟ್ಯಾಕ್ಟ್ ಲೆನ್ಸ್ ಕೂರಿಸಬೇಕು. ಅಲ್ಲಿಯವರೆಗೆ ಎಲ್ಲ ಮಸುಕು. ಆ ವಾರಗಳಲ್ಲಿ ಅವರು ಮನೆಯಲ್ಲಿ ರೇಡಿಯೋ ಮುಟ್ಟಲಿಲ್ಲ. ಪರೀಕ್ಷೆಗೆ ಬಂದಾಗಲೆಲ್ಲ ನಾನು ಆಟದ ವಿಷಯ ತೆಗೆದರೆ, “ಕಣ್ಣು ನೀವು ಕೊಡಬಹುದು ಡಾಕ್ಟರ್, ಆಸೆ ಎಲ್ಲಿಂದ ತರ್ತೀರಿ?” ಎನ್ನುತ್ತಿದ್ದರು. ಆ ಮಾತು ನನ್ನನ್ನು ಬಹಳ ಕಾಡಿತು. ಬರೀ ಕಣ್ಣು ಅಂದುಕೊಂಡು ನಾನೇ ತಪ್ಪು ತಿಳಿದೆನೇ ಎನ್ನಿಸಿತು.

ಆಗಸ್ಟ್ ನಡುವೆ ಲೆನ್ಸ್ ಹಾಕಿದೆ. ಕಣ್ಣು ಪಿಳುಕಿಸಿದರು, ನೀರು ಸುರಿಸಿದರು, ನನ್ನನ್ನೊಮ್ಮೆ ನೋಡಿದರು. ಎದ್ದು ಕಿಟಕಿಯ ಬಳಿ ಹೋಗಿ ನಿಂತರು. ಕೆಳಗೆ ಪಾರ್ಕಿಂಗ್ ಜಾಗ. ಯಾರೋ ಒಬ್ಬ ದಪ್ಪ ಮನುಷ್ಯ ಉದ್ದನೆಯ ಹಳದಿ ಕಾರನ್ನು ಎರಡು ಕಾರುಗಳ ನಡುವೆ ತೂರಿಸಲು ಒದ್ದಾಡುತ್ತಿದ್ದ. ಡೊಬೆಕ್ ಮೊದಲು ಗೊಣಗಿದ ಹಾಗೆ ಶುರುಮಾಡಿದರು. ಹಳದಿ ಕಾರು ಹಿಂದಕ್ಕೆ ಬಂತು. ನಿಂತಿತು. ಚಾಲಕರು ಹಣೆ ಒರೆಸಿಕೊಳ್ಳುತ್ತಿದ್ದಾರೆ, ಕರವಸ್ತ್ರಕ್ಕೆ ನೀಲಿ ಅಂಚು. ಹೆಂಡತಿ ಕೆಳಗಿಳಿದರು, ಸೊಂಟದ ಮೇಲೆ ಕೈ, ಅಭಿಪ್ರಾಯ ಅನುಕೂಲವಾಗಿಲ್ಲ. ಮತ್ತೆ ಮುಂದಕ್ಕೆ. ಧ್ವನಿ ಏರುತ್ತ ಹೋಯಿತು. ಬಾಗಿಲು ತೆರೆದಿತ್ತು, ಹೊರಗೆ ಕಾಯುತ್ತಿದ್ದ ರೋಗಿಗಳು, ಅರ್ಧ ಜನ ಕಣ್ಣಿಗೆ ಪಟ್ಟಿ ಕಟ್ಟಿಕೊಂಡವರು, ಮಾತು ನಿಲ್ಲಿಸಿ ಕಿವಿಗೊಟ್ಟರು. ಕಾರು ಒಳಗೆ ಸೇರಿದಾಗ ಅವರೆಲ್ಲ ಚಪ್ಪಾಳೆ ತಟ್ಟಿದರು. ಒಬ್ಬ ಮುದುಕಿ ಎದ್ದು ಬಂದು, “ನೀವು ಡೊಬೆಕ್ ಅಲ್ವಾ? ಎಲ್ಲಿ ಹೋಗಿದ್ರಿ ಇಷ್ಟು ದಿನ?” ಎಂದು ಕೇಳಿದಳು. ಅವರು ಗೋಡೆಗೆ ಮುಖ ಮಾಡಿ ನಿಂತರು. ಹೆಲೆನ್ ಹೋಗಿ ಬೆನ್ನ ಮೇಲೆ ಕೈಯಿಟ್ಟರು.

ಮರುದಿನ ಅವರೇ ಸ್ಟೇಷನ್ನಿಗೆ ಹೋಗಿ ಒಂದೇ ಒಂದು ಪಂದ್ಯ ಕೊಡಿ ಎಂದು ಕೇಳಿದರಂತೆ. ಮ್ಯಾನೇಜರ್ ರಾಗ ಎಳೆದರಂತೆ. ರಾನ್ ಎದ್ದು, ಡೊಬೆಕ್ ಹೇಳಲಿ, ಪಕ್ಕದಲ್ಲಿ ನಾನಿರುತ್ತೇನೆ ಎಂದನಂತೆ. ಜಾಗ ಸಿಕ್ಕಿದ್ದ ಹುಡುಗ ಹಾಗೆ ಹೇಳಿದ್ದು ದೊಡ್ಡ ಮಾತು.

ಹೋದ ಭಾನುವಾರ, ಚಿಕಾಗೋ ವಿರುದ್ಧ ಪಂದ್ಯ. ನಮ್ಮಿಬ್ಬರನ್ನೂ ಕಾಮೆಂಟರಿ ಕೋಣೆಗೇ ಕರೆಸಿಕೊಂಡಿದ್ದರು. ನಾನು ನೀನು ಕೊಟ್ಟ ಮೈಸೂರು ಸಿಲ್ಕ್ ಸೀರೆ ಉಟ್ಟಿದ್ದೆ. ಶುರುವಿನಲ್ಲೇ ಡೊಬೆಕ್ ಮೈಕಿನ ಮುಂದೆ ಎಲ್ಲವನ್ನೂ ಹೇಳಿದರು. “ಎರಡು ವರ್ಷ ನಾನು ನೋಡದ್ದನ್ನು ನೋಡಿದ ಹಾಗೆ ಹೇಳಿದ್ದೇನೆ. ಕ್ಷಮಿಸಿ. ಇವತ್ತು ಕಂಡದ್ದನ್ನು ಮಾತ್ರ ಹೇಳ್ತೀನಿ. ಮೊದಲನೆಯದು, ಮೂರನೇ ಸಾಲಿನಲ್ಲಿ ಒಬ್ಬಳು ಕೆಂಪು ಟೋಪಿ ಹಾಕಿಕೊಂಡು ನಿದ್ದೆ ಮಾಡ್ತಿದಾಳೆ” ಎಂದರು. ಇವರು ನನ್ನ ಕೈ ಅದುಮಿದರು.

ಕೊನೆಯ ಹೊತ್ತಿಗೆ ಎರಡು ತಂಡವೂ ಸಮಸಮ. ನಮ್ಮವನೊಬ್ಬ ಹೋಮ್ ಎನ್ನುವ ಬಿಳಿ ಹಲಗೆಯ ಕಡೆ ಓಡಿಬಂದ. ಅದನ್ನು ಮುಟ್ಟಿದರೆ ಗೆಲುವು; ಅದಕ್ಕೆ ಮೊದಲೇ ಎದುರಾಳಿ ಚೆಂಡು ಹಿಡಿದು ಅವನಿಗೆ ತಾಗಿಸಿದರೆ ಔಟ್, ಚೆಂಡು ಕೈತಪ್ಪಿದರೆ ಔಟಿಲ್ಲ. ಚೆಂಡೂ ಅದೇ ಕ್ಷಣಕ್ಕೆ ಬಂತು. ಓಡುವವನು ಜಾರಿದ, ಹಿಡಿಯುವವನು ಮೇಲೆ ಬಿದ್ದ, ಧೂಳೆದ್ದು ಇಬ್ಬರನ್ನೂ ಮುಚ್ಚಿತು. ಅಂಪೈರ್ ಇನ್ನೂ ಬಗ್ಗಿ ನೋಡುತ್ತಿದ್ದ. ಡೊಬೆಕ್ ಕುರ್ಚಿಯಿಂದ ಎದ್ದು ನಿಂತಿದ್ದರು.

“ಚೆಂಡು ನೆಲದ ಮೇಲಿದೆ. ಕೈ ಜಾರಿ ಬಿದ್ದಿದೆ. ಗೆದ್ದೆವು, ಡೆಟ್ರಾಯಿಟ್ ಗೆದ್ದಿದೆ.”

ಅಮ್ಮ, ಆಮೇಲೆ ಆದದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಅಂಪೈರ್ ಔಟಿಲ್ಲವೆಂದು ಕೈ ಚಾಚುವ ಮೊದಲೇ ಮೈದಾನದಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಎದ್ದುನಿಂತು ಕೂಗಿದರು. ಅವರೆಲ್ಲ ಕಿವಿಗೆ ಟ್ರಾನ್ಸಿಸ್ಟರ್ ಹಿಡಿದವರು. ಪಕ್ಕದವರು ಅವರನ್ನು ನೋಡಿ ಎದ್ದರು, ಆಮೇಲೆ ಅಂಪೈರ್ ಕೈ ಚಾಚಿದ, ಆಮೇಲೆ ಎಲ್ಲರೂ. ಜನರ ಕೂಗು ಕೇಳಿ ಮಾತಾಡುತ್ತಿದ್ದ ಮನುಷ್ಯ ಅಂದು ಮಾತಾಡಿ ಜನರನ್ನು ಕೂಗಿಸಿದ. ಡೊಬೆಕ್ ಹೆಗಲ ಮೇಲೆ ಕೈ ಹಾಕಿ ರಾನ್ ಕುಣಿದ. ನಾನು ಅತ್ತೆ. ಇವರು ಅತ್ತಿಲ್ಲ ಎನ್ನುತ್ತಾರೆ, ನಂಬಬೇಡ.

ಸ್ಟೇಷನ್ನಿನವರು ಮೂರು ವರ್ಷಕ್ಕೆ ಕರಾರು ಮಾಡಿಕೊಳ್ಳೋಣ ಎಂದು ಬಂದರಂತೆ. ಡೊಬೆಕ್ ಒಂದೇ ವರ್ಷ ಸಾಕು ಎಂದಿದ್ದಾರೆ. ಯಾಕೆ ಎಂದು ಕೇಳಿದೆ. “ಹೋದ ವರ್ಷ ಬಿಟ್ಟಿದ್ರೆ ದ್ವೇಷದಿಂದ ಬಿಡ್ತಿದ್ದೆ. ಇನ್ನೊಂದು ಬೇಸಿಗೆ ಕಣ್ತುಂಬಾ ನೋಡಿ, ಇಷ್ಟ ಇರೋವಾಗಲೇ ಎದ್ದು ಹೋಗ್ತೀನಿ” ಎಂದರು. ಎಡಗಣ್ಣಿಗೆ ಅಕ್ಟೋಬರ್‌ನಲ್ಲಿ ದಿನ ಗೊತ್ತುಮಾಡಿದ್ದೇವೆ. ಈ ಸಲ ಅವರೇ ಅವಸರ ಮಾಡುತ್ತಿದ್ದಾರೆ.

ಇವರು ಹುಲ್ಲು ಕತ್ತರಿಸಿ ಮುಗಿಸಿ ಊಟ ಕೇಳುತ್ತಿದ್ದಾರೆ. ನಿನಗೆ ನಮ್ಮಿಬ್ಬರ ನಮಸ್ಕಾರ. ಅಣ್ಣ, ಅತ್ತಿಗೆಗೆ ನೆನಪು ಹೇಳು.

ನಿನ್ನ ಮಗಳು,
ಕೌಸಲ್ಯಾ

ಮರೆತಿದ್ದೆ: ಭಾನು ಅತ್ತಿಗೆ, ಇದನ್ನು ಅಮ್ಮನಿಗೆ ಓದಿ ಹೇಳುತ್ತಿರುವವರು ನೀವೆಂದು ನನಗೆ ಗೊತ್ತು. ಒಂದು ವರ್ಷದಿಂದ ಅಮ್ಮನ ಕಾಗದಗಳೆಲ್ಲ ನಿಮ್ಮ ಅಕ್ಷರದಲ್ಲಿ ಬರುತ್ತಿವೆ. ಕೊನೆಗೆ ಹಾಕುವ ರುಜು ಮಾತ್ರ ಅಮ್ಮನದು, ಅದೂ ಗೆರೆ ಬಿಟ್ಟು ಕೆಳಗಿಳಿದಿರುತ್ತದೆ. ರಂಗೋಲಿ ಬೇಜಾರು, ಪೇಪರ್ ಓದೋದು ಬೇಜಾರು, ಈ ವಯಸ್ಸಿಗೆ ಇನ್ನೇನು ಆಸೆ ಎಂದು ಅಮ್ಮ ಬರೆಸುತ್ತಾರೆ. ಡಿಸೆಂಬರ್ ಹತ್ತನೇ ತಾರೀಖು ಮೈಸೂರಿನಲ್ಲಿರುತ್ತೇನೆ. ಅಲ್ಲಿನ ಕಣ್ಣಿನ ಆಸ್ಪತ್ರೆಗೆ ಆಗಲೇ ಬರೆದಾಗಿದೆ. ದಯವಿಟ್ಟು ಈ ನಾಲ್ಕು ಸಾಲನ್ನು ನುಂಗಿಕೊಳ್ಳದೆ, ಗಟ್ಟಿಯಾಗಿ ಎರಡು ಸಲ ಓದಿ.