ಕೌದಿಯೊಳಗಿನ ಹಾಡು

ಗಂಗಾವತಿ,
ಸುಗ್ಗಿ ತಿಂಗಳ ನಲವತ್ತೊಂದನೆಯ ದಿನ, ೨೨೧೪

ಯಮನೂರಪ್ಪನವರಿಗೆ ನಮಸ್ಕಾರ.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ಕೊಯ್ಲು ಮುಗಿಯುವವರೆಗೆ ಸುಗ್ಗಿ ತಿಂಗಳು ಮುಗಿಯುವುದಿಲ್ಲ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಾಲೇಜಿನಲ್ಲಿ ಓದಿ ಕಲಿತವಳು. ಇದು ಹಿಂದೋಲೆ, ಎಂದರೆ ಹಾಡು ಕಟ್ಟಿದವರಿಗೆ ಅವರ ಬದುಕಿನ ಒಂದು ದಿನ ಆರಿಸಿ ನಾವು ಬರೆಯುವ ಪತ್ರ. ಗೆಳೆಯರ ತಂಡ ಬಿಟ್ಟು, ಯಾವ ಕಂಪನಿಯ ಹಂಗೂ ಇಲ್ಲದೆ ನೀವು ಮೊದಲ ಒಂಟಿ ಆಲ್ಬಮ್ ‘ಭತ್ತದ ಹೊಟ್ಟು’ ಬಿಡುಗಡೆ ಮಾಡುವ ದಿನವನ್ನು ನಾನು ಆರಿಸಿಕೊಂಡೆ.

ನೀವು ರ‍್ಯಾಪ್ ಎನ್ನುವುದು ನಮಗೆ ಬಾಯ್ತಾಳ. ಇಲ್ಲಿ ಪ್ರಾಯಕ್ಕೆ ಬಂದವರೆಲ್ಲ ಸುಗ್ಗಿಯ ಕೊನೆಯ ದಿನ ಊರಿನೆದುರು ಆ ಆಲ್ಬಮ್ಮಿನ ಒಂದು ಹಾಡನ್ನು ಒಬ್ಬರೇ ಹೇಳಬೇಕು. ಹೇಳದವರಿಗೆ ಊರಸಭೆಯಲ್ಲಿ ಮಾತಾಡುವ ಹಕ್ಕಿಲ್ಲ. ಬಿಸಿಲು ಇಳಿದ ಮೇಲೆ ಜನ ತೇಲುಗದ್ದೆಗಳಿಂದ, ನೀರಿನ ಮೇಲೆ ಹಾಸಿದ ನಮ್ಮ ಭತ್ತದ ಮಡಿಗಳಿಂದ, ಒದ್ದೆ ಕಾಲಲ್ಲೇ ಬಂದು ಕೂರುತ್ತಾರೆ, ಮಂಡಕ್ಕಿ ಹಂಚುತ್ತಾರೆ, ಹಾಡುವವರು ತಲೆಯಿಂದ ಮೊಣಕಾಲಿನವರೆಗೆ ಕೌದಿ ಹೊದ್ದು ನಿಲ್ಲುತ್ತಾರೆ. ಕೌದಿ ಹೊದ್ದು ಹಾಡುತ್ತಿದ್ದ ನಿಮ್ಮ ಒಂದು ಚಿತ್ರ ನೋಡಿ ಹಿರಿಯರು ಅದನ್ನೇ ನೇಮ ಮಾಡಿಕೊಂಡರು. ನಾಲ್ಕು ಜನರೆದುರು ಹೆಸರು ಹೇಳಲೂ ತಡವರಿಸುವ ನಾನು ಆ ಕೌದಿಯನ್ನೇ ನಂಬಿದ್ದೆ. ನಾಳೆ ನನ್ನ ಸರದಿ.

ಆದರೆ ಕಳೆದ ತಿಂಗಳು, ಅಕ್ಕಿ ಗಿರಣಿಯ ಪಕ್ಕದ ನಿಮ್ಮ ಕೋಣೆಯ ಹಳೆಯ ಧ್ವನಿಮುದ್ರಣವೊಂದು ಸಿಕ್ಕಿತು, ಊರಸಭೆಯಲ್ಲಿ ಅದನ್ನು ಎಲ್ಲರಿಗೂ ಕೇಳಿಸಿದರು. ಅದರಲ್ಲಿ ನಿಮ್ಮ ಅತ್ತೆ ದುರುಗವ್ವ ಬಾಗಿಲು ನೂಕಿ ಬರುತ್ತಾರೆ.

“ಏ ಯಮನ್ಯಾ, ಇಂಥ ಸೆಕಿಯಾಗ ಕೌದಿ ಹೊಚ್ಕೊಂಡು ಸಾಯ್ತಿಯೇನಲೇ?”

“ಅತ್ತಿ, ರೆಕಾರ್ಡ್ ನಡದೈತಿ, ಸುಮ್ನಿರಬೇ! ಗಿರಣಿ ಸದ್ದು ಬೀಳಬಾರ್ದಂತ ಹೊಚ್ಕೊಂಡೀನಿ.”

ಸಭೆ ಅಲ್ಲಿಗೇ ಕೇಳುವುದನ್ನು ನಿಲ್ಲಿಸಿತು. “ಈಗ ಗಿರಣಿನೇ ಇಲ್ಲ, ಕೌದಿ ಯಾಕ? ಮಾರಿ ತೋರ್ಸಿ ಹಾಡ್ಲಿ,” ಎಂದು ಹಿರಿಯರಾದ ಸೋಮವ್ವ ತೀರ್ಪು ಕೊಟ್ಟರು. ಎಲ್ಲರೂ ತಲೆಯಾಡಿಸಿದರು. ನಾನು ಮನೆಗೆ ಬಂದು ಊಟ ಬಿಟ್ಟು ಮಲಗಿದೆ.

ಮರುದಿನ ಗ್ರಂಥಾಲಯದಲ್ಲಿ ಕೂತು, ನಿಮ್ಮ ಅತ್ತೆ ಮುಂದೆ ಹೇಳಿದ್ದನ್ನು ಕೇಳಿದೆ.

“ಗಿರಣಿ ಬಂದಾಗಿ ತಾಸಾತು. ನಾಚಿಕಿ ಬರ್ತೈತಿ ಅನ್ನು. ಮಂದಿ ಕೂಡ ಒದರೂದು ಬ್ಯಾರೆ, ಒಬ್ಬನ ಹಾಡೂದು ಬ್ಯಾರೆ, ಅಲ್ಲೇನು?”

ನೀವು “ಹೂಂ ಅತ್ತಿ,” ಎಂದಿರಿ.

“ನಾ ಗ್ವಾಡಿ ಕಡಿ ಮಾರಿ ಮಾಡಿ ಕುಂದರ್ತೀನಿ. ಹಾಡು.”

ಕೌದಿ ನೆಲಕ್ಕೆ ಬಿದ್ದ ಸದ್ದು. ಹಾಡು ಮೊದಲಿನಿಂದ ಶುರುವಾಯಿತು. ಆಲ್ಬಮ್ಮಿನಲ್ಲಿರುವುದು ಅದೇ.

“ನಾಚಿಕಿ” ಎಂಬ ಮಾತಿನವರೆಗೆ ಮಾತ್ರ ಸಭೆಗೆ ಕೇಳಿಸಿದರೆ ಕೌದಿ ಉಳಿಯುತ್ತದೆ. ಅದನ್ನೇ ಮಾಡೋಣವೆಂದು ಹಲವು ದಿನ ಯೋಚಿಸಿದೆ. ಅರ್ಧ ಕೇಳಿ ತೀರ್ಪು ಕೊಟ್ಟವರ ಮೇಲೆ ಸಿಟ್ಟಾಗಿದ್ದವಳು ನಾನೂ ಅರ್ಧವನ್ನೇ ಹಿಡಿದುಕೊಳ್ಳುವುದು ಸರಿ ಕಾಣಲಿಲ್ಲ.

ಮಾತಾಡುವ ಹಕ್ಕು ನನಗಿನ್ನೂ ಬಂದಿಲ್ಲ. ಆದ್ದರಿಂದ ನಾಳೆ ನನ್ನ ಸರದಿಯಲ್ಲಿ, ಏನೂ ಹೇಳದೆ, ಇಡೀ ಮುದ್ರಣವನ್ನು ಕೇಳಿಸುತ್ತೇನೆ. ಆಮೇಲೆ ಅವರು ಬೈದರೂ ಕೌದಿ ಹೊದ್ದೇ ಶುರು ಮಾಡುತ್ತೇನೆ. ಯಾವ ಸಾಲಿನಲ್ಲಿ ಅದನ್ನು ತೆಗೆಯುತ್ತೇನೆಂದು ನನಗೆ ಗೊತ್ತಿಲ್ಲ, ತೆಗೆಯದೆಯೂ ಇರಬಹುದು. ನಿಮ್ಮಲ್ಲಿ ಒಂದೇ ಕೋರಿಕೆ: ಆ ಹೊತ್ತಿನಲ್ಲಿ ನೀವೂ ಸ್ವಲ್ಪ ಗೋಡೆಯ ಕಡೆ ಮುಖ ಮಾಡಿ ಕೂತಿರಿ.

ಇಂತಿ,
ಪಂಪಾವತಿ