ಐದನೆಯ ದಿನದೊಳಗೆ

ಮಾರ್ಚ್ 2, ಶನಿವಾರ. ಬೆಳಿಗ್ಗೆ ಆರು

ಮೂರು ಮಾತ್ರೆ ನುಂಗಿದೆ. ನೂರ ಹನ್ನೆರಡನೇ ದಿನ. ಇನ್ನು ಐವತ್ತಾರು. ಕೆಮ್ಮಿಲ್ಲ. ಮಾತ್ರೆಯಿಂದಾಗಿ ಮೂತ್ರ ಎಂದಿನಂತೆ ಕಿತ್ತಳೆ ಬಣ್ಣ. ಈಗ ಹೆದರಿಕೆಯಾಗುವುದಿಲ್ಲ.

ಟಿಬಿ ಕ್ಲಿನಿಕ್ಕಿನ ಸಿಸ್ಟರ್ ಅಪೊಲೊಟ್ ಈ ನೋಟ್‌ಬುಕ್ ಕೊಟ್ಟದ್ದು ಮಾತ್ರೆ ನುಂಗಿದ ದಿನಕ್ಕೊಂದು ಗುರುತು ಹಾಕಲು. ನಾನು ಹಾಳೆ ತುಂಬಿಸುತ್ತಿದ್ದೇನೆ.

ಹನ್ನೊಂದು ಯೂನಿಫಾರಂ ಸ್ಕರ್ಟು ಹೊಲಿಯುವುದು ಬಾಕಿ. ಮಗಳು ನಂದುಡು ಸಿರೊಂಕೊದಲ್ಲಿರುವ ಅವಳ ಸೋದರತ್ತೆಯ ಮನೆಗೆ ಹೋಗಿದ್ದಾಳೆ, ನಾಳೆ ಬರುತ್ತಾಳೆ. ಮೂರು ಗಂಟೆಗೆ ಕುಟೋಸಿ ಬರುತ್ತಾನೆ, ಚರ್ಚಿನ ಹಾಡುವ ತಂಡ ಕಾಯಿರ್ ನಲ್ಲಿ ನನ್ನ ಜೊತೆಗಾರ. ಈಸ್ಟರ್ ಹಾಡಿನ ಕಾಗದ ಕೊಡಲು — ಅಂತ ಅವನೂ ಹೇಳುತ್ತಾನೆ, ನಾನೂ ಹೇಳುತ್ತೇನೆ.

ಮಾರ್ಚ್ 3, ಭಾನುವಾರ. ಮಧ್ಯಾಹ್ನ

ಚರ್ಚಿನಿಂದ ಬಂದೆ. ಕಾಯಿರ್‌ನಲ್ಲಿ ಹಾಡುವಾಗ ಎರಡು ಸಲ ಸಾಲು ತಪ್ಪಿಸಿದೆ. ಕುಟೋಸಿ ಹಿಂದಿನ ಸಾಲಿನಲ್ಲಿ. ನಾನು ತಿರುಗಿ ನೋಡಲಿಲ್ಲ.

ನಿನ್ನೆ ಕಾಂಡೊಮ್ ಹರಿಯಿತು. ಬರೆದುಬಿಟ್ಟೆ.

ಅವನಿಗೇ ಮೊದಲು ಗೊತ್ತಾದದ್ದು. ಕಾಫಿ ಮಂಡಿಯಲ್ಲಿ ದಿನಾ ಮೂಟೆ ತೂಗುವವನು, ಮಂಚದ ಅಂಚಿನಲ್ಲಿ ಚಿಕ್ಕ ಹುಡುಗನ ಹಾಗೆ ಕೂತಿದ್ದ. ಕೆಮಿಸ್ಟ್ ಅಂಗಡಿಯಲ್ಲಿ ಬಸಿರು ತಡೆಯುವ ಮಾತ್ರೆ ಸಿಗುತ್ತದೆ, ಮೂರು ದಿನದೊಳಗೆ ನುಂಗಬೇಕಂತೆ, ತಾನೇ ತಂದುಕೊಡುತ್ತೇನೆ ಅಂದ. ಬೇಡ ಅಂದೆ. ಅವನು ಹೋಗಿ ಕೇಳಿದರೆ ಊರಿಗೆಲ್ಲ ಗೊತ್ತಾಗುತ್ತದೆ. ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದ: "ಹಾಗೇನಾದ್ರೂ ಆದ್ರೂ, ನಾ ಓಡಿಹೋಗೋನಲ್ಲ ರೋಬಿನಾ."

ಅವನ ಹೆಂಡತಿ ಬಿಟ್ಟುಹೋಗಿ ಒಂಬತ್ತು ವರ್ಷ. ಮಕ್ಕಳಿಲ್ಲ. ಆ ಮಾತಿನಲ್ಲಿ ಹೆದರಿಕೆ ಎಷ್ಟು, ಆಸೆ ಎಷ್ಟು — ತಿಳಿಯಲಿಲ್ಲ.

ಲೆಕ್ಕ ಹಾಕಿದರೆ ಮುಟ್ಟಾಗಿ ನಿನ್ನೆಗೆ ಹದಿಮೂರನೇ ದಿನ. ಇದಕ್ಕಿಂತ ಕೆಟ್ಟ ದಿನ ಇಲ್ಲ.

ಇವತ್ತೇ ಹೋಗಬೇಕಿತ್ತು. ಹತ್ತಿರದ ಅಂಗಡಿ ನಮ್ಮ ಕಾಯಿರ್‌ನ ಹೆಂಗಸಿನದು. ಬಾಗಿಲವರೆಗೆ ಹೋದೆ. ಒಳಗೆ ಪಾದ್ರಿಯವರ ಹೆಂಡತಿ. ಗಾಯಕ್ಕೆ ಅಂಟಿಸುವ ಪ್ಲಾಸ್ಟರ್ ಮಾತ್ರ ಕೊಂಡು ಬಂದೆ.

ಸೋಮವಾರ, 4. ಮಧ್ಯಾಹ್ನ ಎರಡೂವರೆ

ಬಾಡಿಗೆ ಬೈಕು ಬೋಡಾ ಹತ್ತಿ ಊರಿನಾಚೆ ಕುಮಿ ರಸ್ತೆಯ ಅಂಗಡಿಗೆ ಹೋದೆ. ಹುಡುಗಿ ಫೋನಿನಿಂದ ತಲೆ ಎತ್ತಲಿಲ್ಲ. ಏನೂ ಕೇಳಲಿಲ್ಲ. ಕೇಳದಿದ್ದರೆ ಸಾಕು ಎಂದುಕೊಂಡಿದ್ದೆ, ಕೇಳಲಿಲ್ಲವಲ್ಲ ಎಂದು ಈಗ ಸಂಕಟ.

ಒಂದು ಈಗ, ಒಂದು ಹನ್ನೆರಡು ಗಂಟೆ ಬಿಟ್ಟು ಅಂದಳು. ಒಳಗಿನ ಕಾಗದದಲ್ಲಿ ಎರಡನ್ನೂ ಒಟ್ಟಿಗೆ ನುಂಗಬಹುದು ಎಂದಿದೆ. ಎಷ್ಟು ಬೇಗ ನುಂಗಿದರೆ ಅಷ್ಟು ಒಳ್ಳೆಯದು ಎಂದೂ ಇದೆ. ಕಾಗದವನ್ನು ನಂಬಿದೆ. ಹನ್ನೆರಡೂಕಾಲಿಗೆ, ಜೋಳದ ಹಿಟ್ಟಿನ ಪೋಶೋ ಮುದ್ದೆ ತಿಂದ ಮೇಲೆ, ಎರಡೂ ನುಂಗಿದೆ.

ಆಮೇಲೆ ಹೊಟ್ಟೆ ತೊಳಸಲು ಶುರುವಾಯಿತು. ಎರಡು ಗಂಟೆಯೊಳಗೆ ವಾಂತಿಯಾದರೆ ಮತ್ತೆ ನುಂಗಬೇಕಂತೆ. ಗೋಡೆಗೆ ಒರಗಿ, ಬಾಯಿ ಮುಚ್ಚಿಕೊಂಡು, ಗಡಿಯಾರ ನೋಡುತ್ತಾ ಕೂತೆ. ಪಕ್ಕದ ಮನೆಯ ಫ್ಲೋರಾ ಇಣುಕಿದಳು. ತಲೆನೋವು ಅಂದೆ. ಎರಡೂಕಾಲಾಯಿತು. ವಾಂತಿಯಾಗಲಿಲ್ಲ. ಗೆದ್ದೆ ಅಂದುಕೊಂಡೆ.

ಮತ್ತೆ ಕಾಗದ ಬಿಡಿಸಿದೆ. ಎರಡನೇ ಪುಟದಲ್ಲಿ, ಇರುವೆ ಸಾಲಿನಂಥ ಅಕ್ಷರ — ಟಿಬಿ ಔಷಧಿ ತೆಗೆದುಕೊಳ್ಳುವವರಲ್ಲಿ ಈ ಮಾತ್ರೆ ಸರಿಯಾಗಿ ಕೆಲಸ ಮಾಡದಿರಬಹುದು. ವೈದ್ಯರನ್ನು ಕೇಳಿ.

ನಾಲ್ಕು ಸಲ ಓದಿದೆ.

ಮಂಗಳವಾರ, 5. ಬೆಳಿಗ್ಗೆ ಆರೂವರೆ

ಇವತ್ತು ಟಿಬಿ ಮಾತ್ರೆ ನುಂಗಲಿಲ್ಲ. ಗುರುತು ಹಾಕಿಲ್ಲ. ಒಂದು ದಿನ ಬಿಟ್ಟರೆ ಆ ಎರಡು ಮಾತ್ರೆಗಾದರೂ ದಾರಿಯಾದೀತು ಎಂದು. ಸರಿಯೋ ತಪ್ಪೋ… ನಂದುಡು ಶಾಲೆಗೆ ಹೊರಡುತ್ತಾ ಕೇಳಿದಳು: "ಅಮ್ಮಾ, ಮಾತ್ರೆ ತಗೊಂಡ್ಯಾ?" ಹೂಂ ಅಂದೆ. ನೂರು ದಿನದಿಂದ ಅವಳು ದಿನಾ ಕೇಳುತ್ತಾಳೆ. ಮೊದಲ ಸುಳ್ಳು.

ಅದೇ ದಿನ, ಸಂಜೆ ನಾಲ್ಕು

ಸಿಸ್ಟರ್ ಅಪೊಲೊಟ್ ಹತ್ತಿರ ಹೋಗಿ ಬಂದೆ. ಸಾಲು ಕರಗುವವರೆಗೆ ಬೆಂಚಿನ ಕೊನೆಯಲ್ಲಿ ಕೂತೆ. ಎಲ್ಲ ಹೇಳಿದೆ, ನೆಲ ನೋಡುತ್ತಾ. ಬೈಯುತ್ತಾರೆ ಎಂದುಕೊಂಡಿದ್ದೆ. ಬೈದದ್ದು ಬೇರೆಯದಕ್ಕೆ.

"ಟಿಬಿ ಮಾತ್ರೆ ಬಿಟ್ಟೆಯಾ? ಯಾರು ಹೇಳಿದ್ರು ನಿಂಗೆ ಬಿಡೋಕೆ?"

ಅಲ್ಲೇ ನೀರು ಕೊಟ್ಟು ನುಂಗಿಸಿದರು. ಟಿಬಿ ಔಷಧಿ ಪಿತ್ತಜನಕಾಂಗವನ್ನು ಚುರುಕು ಮಾಡುತ್ತದಂತೆ, ಇನ್ನೊಂದು ಮಾತ್ರೆಯ ಶಕ್ತಿ ಅದರಿಂದ ಬೇಗ ಕರಗಿಹೋಗುತ್ತದಂತೆ. ಒಂದು ದಿನ ಬಿಟ್ಟರೆ ಅದು ನಿಲ್ಲುವುದಿಲ್ಲ, ಔಷಧಿ ಪೂರ್ತಿ ಮುಗಿದ ಮೇಲೂ ನಾಲ್ಕು ವಾರ ಇರುತ್ತದೆ. ಆದರೆ ಹೀಗೆ ಒಂದೊಂದೇ ದಿನ ಬಿಡುತ್ತಾ ಹೋದರೆ ರೋಗ ಮತ್ತೆ ಹೆಡೆ ಎತ್ತುತ್ತದೆ.

ನಿನ್ನಂಥವರಿಗೆ ಆ ಮಾತ್ರೆ ಎರಡರಷ್ಟು ಬೇಕಿತ್ತು ಅಂದರು. ಅದಕ್ಕಿಂತ ಭದ್ರವಾದದ್ದು ಕಾಪರ್-ಟಿ, ತಾಮ್ರದ ಒಂದು ಪುಟ್ಟ ಸಾಧನ. ಐದು ದಿನದೊಳಗೆ ಗರ್ಭಕೋಶಕ್ಕೆ ಹಾಕಿಸಿಕೊಂಡರೆ ಸಾಕು, ಟಿಬಿ ಔಷಧಿ ಅದನ್ನು ಏನೂ ಮಾಡುವುದಿಲ್ಲ. ನನ್ನದು ಎದೆಯ ಟಿಬಿ, ಹಾಗಾಗಿ ಅಡ್ಡಿಯಿಲ್ಲ. ಹತ್ತು ವರ್ಷ ಇಟ್ಟುಕೊಳ್ಳಬಹುದು, ಬೇಡವಾದಾಗ ತೆಗೆಸಬಹುದು. ಶನಿವಾರ ಮಧ್ಯಾಹ್ನದಿಂದ ಎಣಿಸಿದರು — ಗುರುವಾರ ಮಧ್ಯಾಹ್ನ ಕೊನೆ. ನಾಳೆ ಆ ಕೋಣೆಯ ನರ್ಸ್ ಇಲ್ಲ. ಗುರುವಾರ ಹತ್ತಕ್ಕೆ ಬಾ.

ಇಷ್ಟಾದರೂ ಕೇಳಬೇಕಾದದ್ದು ಕೇಳಿರಲಿಲ್ಲ. ಬಾಗಿಲವರೆಗೆ ಹೋಗಿ ತಿರುಗಿ ಬಂದೆ.

"ಸಿಸ್ಟರ್, ಒಂದು ವೇಳೆ ಒಳಗೆ ಆಗಲೇ… ನಾನು ಅದನ್ನ ಕೊಂದ ಹಾಗಾಯ್ತಾ?"

ಪೆನ್ನು ಕೆಳಗಿಟ್ಟರು. "ಆ ಮಾತ್ರೆ ಮಾಡೋದು ಇಷ್ಟೇ ಕಣಮ್ಮ. ಮೊಟ್ಟೆ ಹೊರಗೆ ಬರೋದನ್ನ ತಡ ಮಾಡುತ್ತೆ. ಬಸಿರು ನಿಂತಿದ್ರೆ ಅದನ್ನ ಮುಟ್ಟೋದೂ ಇಲ್ಲ, ಕೆಡಿಸೋದೂ ಇಲ್ಲ. ನೀನು ಯಾರನ್ನೂ ಕೊಂದಿಲ್ಲ."

ಹಗುರವಾಯಿತು. ರಸ್ತೆಗೆ ಬಂದ ಮೇಲೆ ಇನ್ನೊಂದು ಯೋಚನೆ — ನನಗೆ ಇನ್ನೊಂದು ಮಗು ಬೇಡವೇ ಬೇಡ ಎಂದು ಯಾರು ಹೇಳಿದರು? ಮೂವತ್ತಾರು ವರ್ಷ. ನಂದುಡು ಹುಟ್ಟಿ ಹದಿನಾರಾಯಿತು. ಅವಳ ಅಪ್ಪ ಸತ್ತು ಆರು. ಶ್ವಾಸಕೋಶ ಇನ್ನೂ ವಾಸಿಯಾಗುತ್ತಿದೆ. ಬೇಡ. ಬೇಡ ತಾನೆ?

ಬುಧವಾರ, 6. ಸಂಜೆ

ಮಾತ್ರೆ ನುಂಗಿದೆ. ಗುರುತು ಹಾಕಿದೆ.

ಆದದ್ದನ್ನು ಬರೆಯುತ್ತೇನೆ.

ಮುಟೋನ್ಯಿ ಅಕ್ಕ ಬಂದಿದ್ದಾರೆ. ನನ್ನ ಗಂಡನ ಅಕ್ಕ, ಸಿರೊಂಕೊದ ಸೋದರತ್ತೆ. ನಾನು ಸ್ಕರ್ಟು ಕೊಡಲು ಶಾಲೆಗೆ ಹೋಗಿದ್ದಾಗ ಬಂದು, ಬೀನ್ಸ್ ಮೂಟೆ ಇಳಿಸಿ, ಸುಮ್ಮನೆ ಕೂರಲಾರದೆ ಮನೆ ಗುಡಿಸಿದ್ದಾರೆ. ಬಟ್ಟೆ ಚೂರುಗಳ ಬುಟ್ಟಿಯಲ್ಲಿ ಆ ಎರಡು ಮಾತ್ರೆಯ ಖಾಲಿ ಪ್ಯಾಕೆಟ್ಟು ಅವರಿಗೆ ಸಿಕ್ಕಿದೆ.

ನಾನು ಒಳಗೆ ಕಾಲಿಡುವಾಗ ಅದು ಮೇಜಿನ ಮೇಲಿತ್ತು. ನಂದುಡು ಯೂನಿಫಾರಂನಲ್ಲೇ ಗೋಡೆಗೆ ಒತ್ತಿಕೊಂಡು ನಿಂತಿದ್ದಳು.

"ಹುಡುಗಿಗೆ ಇಂಥ ವಿಷಯ ಹೇಳಿಕೊಡೋದು ಸೋದರತ್ತೆ ಕೆಲಸ," ಅಂದರು ಅಕ್ಕ. ದನಿ ಏರಿಸಲಿಲ್ಲ. "ಇವಳು ನನ್ನ ಕೇಳದೆನೇ ಎಲ್ಲಾ ಕಲ್ತುಬಿಟ್ಟಿದ್ದಾಳೆ. ಯಾರವನು ಅಂದ್ರೆ ಬಾಯಿ ಬಿಡ್ತಿಲ್ಲ."

ನಂದುಡು ನನ್ನನ್ನು ನೋಡಿದಳು. ಒಂದೇ ಕ್ಷಣ. ಅವಳಿಗೆ ಗೊತ್ತು. ಯಾವಾಗಿನಿಂದ ಗೊತ್ತೋ.

ಈ ಮನೆ ನಿಂತಿರುವುದು ಗಂಡನ ಕಡೆಯವರ ಜಾಗದಲ್ಲಿ. ವಿಧವೆಯ ಮನೆಗೆ ಗಂಡಸು ಬರುತ್ತಾನೆ ಎಂದು ಗಂಡನ ಅಣ್ಣ, ನನ್ನ ಭಾವನ ಕಿವಿಗೆ ಬಿದ್ದರೆ ಮಾರನೇ ದಿನ ಹೊಲಿಗೆ ಮಷಿನ್ ರಸ್ತೆಯಲ್ಲಿ. ಇದು ನಂದುಡುಗೂ ಗೊತ್ತು.

"ಅದು ನಂದೇ, ಅತ್ತೆ," ಅಂದಳು ನಂದುಡು.

ನಾನು ಸುಮ್ಮನಿದ್ದೆ. ಇದನ್ನು ಬರೆಯಲೇಬೇಕು. ಸುಮ್ಮನಿದ್ದೆ.

ಅಕ್ಕ ತೀರ್ಮಾನ ಮಾಡಿಯಾಗಿದೆ. ನಾಳೆ ಎಂಟು ಗಂಟೆಯ ಟ್ಯಾಕ್ಸಿಗೆ ನಂದುಡುವನ್ನು ಸಿರೊಂಕೊಗೆ ಕರೆದೊಯ್ಯುವುದು, ಅಲ್ಲಿನ ಸೂಲಗಿತ್ತಿಯ ಕೈಲಿ ನೋಡಿಸುವುದು, ಶಾಲೆಯ ಮಾತು ಆಮೇಲೆ. ಏಳೆಂಟು ತಿಂಗಳಲ್ಲಿ ಇವಳಿಗೆ ಪರೀಕ್ಷೆ. ಗಣಿತದಲ್ಲಿ ತರಗತಿಗೇ ಮೊದಲು.

ಅಡುಗೆ ಮನೆಯಲ್ಲಿ ಅವಳ ಕೈ ಹಿಡಿದೆ. ಬಿಡಿಸಿಕೊಂಡು, ಬಟ್ಟಲು ತೊಳೆಯುತ್ತಾ ಮೆಲ್ಲಗೆ ಹೇಳಿದಳು: "ನೀನು ನಾಳೆ ಕ್ಲಿನಿಕ್ಕಿಗೆ ಹೋಗು ಅಮ್ಮ. ನೋಟ್‌ಬುಕ್ಕಲ್ಲಿ ಓದಿದೆ. ಮಾತ್ರೆ ತಗೊಂಡ್ಯೋ ಇಲ್ವೋ ನೋಡೋಕೆ ತೆಗ್ದಿದ್ದೆ."

ಗುರುವಾರ, 7. ಬೆಳಿಗ್ಗೆ ಏಳೂವರೆ

ಹೇಳಿಬಿಟ್ಟೆ.

ಅಕ್ಕ ಚಹಾ ಕುಡಿಯುತ್ತಿದ್ದರು. ನಂದುಡು ಬ್ಯಾಗ್ ಕಟ್ಟಿಕೊಂಡು ಬಾಗಿಲಲ್ಲಿ. ಯಾವ ಪೀಠಿಕೆಯೂ ಹೊಳೆಯಲಿಲ್ಲ. "ಅಕ್ಕಾ, ಆ ಮಾತ್ರೆ ನಂದು. ಹುಡುಗಿ ನನ್ನ ವಿಷಯ ಮುಚ್ಚಿಡೋಕೆ ಸುಳ್ಳು ಹೇಳಿದ್ಲು."

ಲೋಟ ಬಾಯಿಯ ಹತ್ತಿರವೇ ನಿಂತಿತು. ಯಾರು ಎಂದು ಕೇಳಿದರು. ಕುಟೋಸಿ ಅಂದೆ. ಮಂಡಿಯಲ್ಲಿ ಮೂಟೆ ತೂಗೋ ಕುಟೋಸಿಯಾ? ಹೌದು. ಎಷ್ಟು ದಿನದಿಂದ? ಒಂದು ವರ್ಷ. ಇವತ್ತು ಹತ್ತಕ್ಕೆ ಕ್ಲಿನಿಕ್ಕಿನಲ್ಲಿ ತಾಮ್ರದ್ದು ಹಾಕಿಸಿಕೊಳ್ಳುತ್ತೇನೆ ಎಂದೂ ಹೇಳಿದೆ. ಬೈಗುಳ ಬರುತ್ತದೆ ಎಂದು ಕಾಯುತ್ತಿದ್ದೆ. ಅವರು ನಂದುಡು ಕಡೆ ತಿರುಗಿದರು.

"ನಿನ್ನೆ ನಿನ್ನ ಮಗಳ ಮೇಲೆ ಕೈ ಎತ್ತಿದ್ದೆ ನಾನು," ಅಂದರು ನನಗೆ. "ನೀನು ಬರೋಕೆ ಮುಂಚೆ. ಆಗ್ಲೂ ಅವಳು ಬಾಯಿ ಬಿಡ್ಲಿಲ್ಲ."

ಅಷ್ಟೇ. ಎದ್ದು ಎಂಟರ ಟ್ಯಾಕ್ಸಿಗೆ ಒಬ್ಬರೇ ಹೊರಟರು. ಭಾವನಿಗೆ ಹೇಳುತ್ತಾರೋ ಇಲ್ಲವೋ, ಕೇಳುವ ಧೈರ್ಯ ನನಗಿರಲಿಲ್ಲ. ನಂದುಡು ಕೆನ್ನೆ ಮುಟ್ಟಿ ನೋಡಲು ಹೋದೆ. ತಲೆ ಹಿಂದಕ್ಕೆ ಎಳೆದುಕೊಂಡಳು.

ಮಾತ್ರೆ ನುಂಗಿದೆ.

ಅದೇ ದಿನ, ಮಧ್ಯಾಹ್ನ ಒಂದು

ಆಯಿತು. ಹನ್ನೊಂದಕ್ಕೆ ಕಾಪರ್-ಟಿ ಹಾಕಿದರು. ಒಂದು ದೊಡ್ಡ ಚಿವುಟು, ಆಮೇಲೆ ಮುಟ್ಟಿನ ನೋವಿನ ಹಾಗೆ ಒಂದೇ ಸಮನೆ. ಆ ಶನಿವಾರದಿಂದ ಮೂರು ವಾರ ಕಳೆದ ಮೇಲೆ ಬಸಿರಿನ ಮೂತ್ರ ಪರೀಕ್ಷೆ ಮಾಡಿಸು, ರೋಗಗೀಗ ಅಂಟುವುದನ್ನು ಇದು ತಡೆಯುವುದಿಲ್ಲ, ಅದಕ್ಕೆ ಕಾಂಡೊಮೇ ಬೇಕು ಅಂದರು ನರ್ಸ್. ನಂದುಡು ಶಾಲೆ ತಪ್ಪಿಸಿ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಬೇಡವೆಂದರೂ ಬಂದಿದ್ದಳು. ಬೋಡಾದಲ್ಲಿ ನನ್ನ ಹಿಂದೆ ಕೂತು ಸೊಂಟ ಹಿಡಿದುಕೊಂಡಳು.

ಭಾನುವಾರ, 17

ಹತ್ತು ದಿನದಿಂದ ಬರೀ ಗುರುತು.

ಭಾವ ಬಂದಿಲ್ಲ. ಪ್ರತಿ ಮೋಟಾರು ಸದ್ದಿಗೂ ಕಿಟಕಿಗೆ ಹೋಗುತ್ತೇನೆ. ಕುಟೋಸಿ ಬಾಗಿಲಿಗೇ ಬಂದು, ಅಂಗಳದಲ್ಲಿ ನಿಂತು, ಎಲ್ಲರಿಗೂ ಕೇಳುವಂತೆ ಮಾತಾಡಿಸಿ ಹೋದ. ಹೊರಡುವ ಮುಂಚೆ ದನಿ ತಗ್ಗಿಸಿ, ಈಸ್ಟರ್ ಆದ ಮೇಲೆ ನಿನ್ನ ಭಾವನ ಹತ್ತಿರ ನಾನೇ ಹೋಗಿ ಕೂತು ಮಾತಾಡಲೇ ಎಂದು ಕೇಳಿದ. ಯೋಚಿಸುತ್ತೇನೆ ಅಂದೆ. ಯೋಚನೆ ಎಲ್ಲಿಗೂ ತಲುಪುವುದಿಲ್ಲ, ಒಂದೇ ಕಡೆ ಸುತ್ತುತ್ತದೆ.

ಶುಕ್ರವಾರ, 22. ಮಧ್ಯಾಹ್ನ

ಮುಟೋನ್ಯಿ ಅಕ್ಕ. ಹೇಳದೆ ಕೇಳದೆ. ನಂದುಡುಗೆ ಒಂದು ಜ್ಯಾಮಿತಿ ಪೆಟ್ಟಿಗೆ ತಂದು ಮೇಜಿನ ಮೇಲಿಟ್ಟರು, ಕ್ಷಮೆ ಗಿಮೆ ಏನೂ ಹೇಳಲಿಲ್ಲ. ತಮ್ಮನಿಗೆ, ಅಂದರೆ ನನ್ನ ಭಾವನಿಗೆ, ಇನ್ನೂ ಹೇಳಿಲ್ಲವಂತೆ. "ಇನ್ನೂ" ಎಂಬುದನ್ನು ಒತ್ತಿ ಹೇಳಿದರು.

ನಂದುಡು ನೀರಿಗೆ ಹೋದ ಮೇಲೆ ಕುರ್ಚಿ ಹತ್ತಿರ ಎಳೆದುಕೊಂಡರು. ನಲವತ್ತೆರಡು ವರ್ಷ, ಏಳು ಮಕ್ಕಳು.

"ಆ ತಾಮ್ರದ್ದು… ಹಾಕೋವಾಗ ತುಂಬಾ ನೋಯುತ್ತಾ?"

ಮೊದಲು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು, ಕೇಳುತ್ತಿರುವುದು ತಮಗಾಗಿ. ಸಿಸ್ಟರ್ ಹೇಳಿದ್ದನ್ನೆಲ್ಲ ಹೇಳಿದೆ, ನೆನಪಿದ್ದಷ್ಟು. ಗಂಡನಿಗೆ ಗೊತ್ತಾಗುತ್ತದೆಯೇ ಎಂದರು. ಅದು ಮಾತ್ರ ನನಗೆ ಗೊತ್ತಿರಲಿಲ್ಲ. ಸಿಸ್ಟರನ್ನೇ ಕೇಳೋಣ ಅಂದೆ. ಅಕ್ಕ ಮಂಗಳವಾರ ಕ್ಲಿನಿಕ್ಕಿಗೆ ಬರುತ್ತಾರಂತೆ.

ಸೋಮವಾರ, 25. ಸಂಜೆ ಐದು

ಪರೀಕ್ಷೆ ಮಾಡಿಸಿದೆ. ಒಂದೇ ಗೆರೆ. ಬಸಿರು ಇಲ್ಲ.

ಸಿಸ್ಟರ್ ನಕ್ಕರು. ನಾನೂ ನಕ್ಕೆ. ಮನೆಗೆ ಬರುವ ದಾರಿಯುದ್ದಕ್ಕೂ ಕಣ್ಣಲ್ಲಿ ನೀರು. ಧೂಳು ಎಂದು ಬೋಡಾದವನಿಗೆ ಹೇಳಿದೆ.

ನಂದುಡು ಲೆಕ್ಕ ಬಿಟ್ಟು ಬಂದು ಎದುರು ಕೂತಳು. ಇಲ್ಲ ಅಂದೆ. ಅವಳು ಉಸಿರು ಬಿಟ್ಟಳು. ಆಮೇಲೆ, ಆ ದಿನದಿಂದ ಮೊದಲ ಬಾರಿಗೆ, ನನ್ನ ಮುಖವನ್ನು ನೆಟ್ಟಗೆ ನೋಡಿದಳು.

"ನಿಂಗೆ ಬೇಕಾಗಿತ್ತಾ ಅಮ್ಮಾ?"

ಇವಳಿಗೆ ಇನ್ನು ಸುಳ್ಳು ಹೇಳಬಾರದು ಎಂದು ಅಂದುಕೊಂಡಿದ್ದೆ. ಹೇಳಲೂ ಇಲ್ಲ. ನಾನು ಹೇಳಿದ್ದು ಇಷ್ಟು — ಬೇಡವಾಗಿತ್ತು, ಖಂಡಿತ ಬೇಡವಾಗಿತ್ತು, ಆದರೆ ಆ ಒಂದು ಗೆರೆ ನೋಡಿದಾಗ ಯಾರೋ ಬಾಗಿಲವರೆಗೆ ಬಂದು ತಿರುಗಿ ಹೋದ ಹಾಗೆ ಅನ್ನಿಸಿತು.