ಈ ವರ್ಷದ ಹೇರಳೆಕಾಯಿ

ಡಿಸೆಂಬರ್ 8, ಭಾನುವಾರ. ಬೆಳಿಗ್ಗೆ 7
ನಲ್ಲಿ ನೀರು ಬಂತು. ಎರಡು ಡ್ರಮ್ ತುಂಬಿಸಿದೆ. ಧನುಶ್ರೀ ಎದ್ದಿಲ್ಲ. ಇಂಟರ್ನಲ್ಸ್ ಮುಗಿಯಿತಂತೆ, ಇನ್ನೊಂದು ವಾರ ಮಗಳನ್ನು ಹಾಸಿಗೆಯಲ್ಲೇ ಹುಡುಕಬೇಕು.

ಟೆರೇಸಿನಿಂದ ಹಿತ್ತಲು ನೋಡಿದೆ. ಹೇರಳೆಕಾಯಿ ಹಳದಿಗೆ ತಿರುಗಿವೆ. ಈ ಸಲ ಕೊಂಬೆ ಬಗ್ಗುವಷ್ಟು ಬಿಟ್ಟಿದೆ. ಯಲಹಂಕ ಓಲ್ಡ್ ಟೌನಿನಲ್ಲಿ ಹಿತ್ತಲು ಉಳಿಸಿಕೊಂಡವರೇ ಕಡಿಮೆ, ಅದರಲ್ಲಿ ಹೇರಳೆ ಮರ ಇರುವುದು ನಮ್ಮ ಮನೆಯಲ್ಲೊಂದೇ.

ಕಾಯಿ ಬಣ್ಣ ತಿರುಗಿದ ದಿನ ಅತ್ತೆ ಕೆಳಗಿನಿಂದ ಕೂಗುತ್ತಿದ್ದರು — "ಶಿಲ್ಪಾ, ಜಾಡಿ ತೊಳ್ದಿಕ್ಕವ್ವ." ಇಪ್ಪತ್ತೊಂದು ವರ್ಷ ಕೂಗಿದ್ದಾರೆ. ಇವತ್ತು ಕೂಗಲಿಲ್ಲ. ಅಂಗಳದಲ್ಲಿ ಜಾಡಿಗಳು ಆಗಲೇ ಬೋರಲು ಹಾಕಿ ಒಣಗುತ್ತಿವೆ. ತೊಳೆದವಳು ವಾರಗಿತ್ತಿ ಸುಮಾ.

ಇಳಿದು ಹೋಗಿ ಕೇಳಿದೆ.

"ಈ ಸಲ ಸುಮಾ ಆಕ್ತಾಳೆ ಬುಡು. ನೀನು ಮುಟ್ಬಾರ್ದು. ಗಂಡ ಇಲ್ದೋರ್ ಕೈ ತಗುಲುದ್ರೆ ಉಪ್ಪಿನ್ಕಾಯಿ ಕೆಟ್ಟೋಯ್ತದೆ. ನಾನು ಮುಟ್ತೀನಾ?"

ಜೂನಿನಲ್ಲಿ ನಿಂತದ್ದು ಜಗನ್ ಅವರ ಹಾರ್ಟು. ಕೆಟ್ಟದ್ದು ನನ್ನ ಕೈ! ಗೊರಗುಂಟೆಪಾಳ್ಯದ ತನಕ ನೆಂಟರೆಲ್ಲ "ಶಿಲ್ಪನ ಕೈಗುಣ" ಎಂದು ಚಪ್ಪರಿಸಿ ತಿಂದ ಕೈ ಇದು. ಈ ಮನೆಯಲ್ಲಿ ನನ್ನದು ಅಂತ ಇದ್ದದ್ದು ಇದೊಂದೇ ಹೆಸರು. ಮೇಲೆ ಬಂದು ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ಆಮೇಲೆ ರಾಗಿ ಹಿಟ್ಟು ಕಲಸಿದೆ.

ಡಿಸೆಂಬರ್ 10, ಮಂಗಳವಾರ
ಸೋಲದೇವನಹಳ್ಳಿ, ಕಾಲೇಜು. ನನ್ನ ಲೈಬ್ರರಿ ಖಾಲಿ. ಊಟದ ಹೊತ್ತಿಗೆ ಆಫೀಸಿನ ತಸ್ನೀಮ್ ಬಂದಳು. ಆರ್.ಟಿ. ನಗರದ ಮನೆಯಲ್ಲಿ ಕೇಕ್ ಮಾಡಿ ಮಾರುತ್ತಾಳೆ. ಅವಳಿಗೆ ಎಲ್ಲ ಹೇಳಿಬಿಟ್ಟೆ.

"ಉಪ್ಪಿನಕಾಯಿ ಬಿಡು ಕಣೇ. ಮಾರ್ಮಲೇಡ್ ಮಾಡು. ಅಂಗಡಿ ಕಿತ್ತಳೇಲಿ ಮಾಡಿದ್ರೆ ಬರೀ ಸ್ವೀಟು. ನಿಮ್ಮ ಹೇರಳೆಕಾಯಿ ಇದೆಯಲ್ಲ, ಅದರ ಸಿಪ್ಪೆ ಥರ ಕಹಿ ಇರ್ಬೇಕು."

"ಕಹಿಗೇನ್ ಬರ ನಮ್ಮನೇಲಿ" ಅಂದೆ. ಇಬ್ಬರೂ ನಕ್ಕೆವು. ಮೊಬೈಲಿನಲ್ಲಿ ಎರಡು ವಿಡಿಯೋ ಕಳಿಸಿದ್ದಾಳೆ.

ಡಿಸೆಂಬರ್ 12, ಗುರುವಾರ. ಸಂಜೆ
ಕಾಯಿ ಕೇಳಲು ಹೋದೆ. ನಾನೇ ನೀರು ಹಾಕಿದ ಮರ, ನಾನೇ ಕೇಳಬೇಕು.

"ಏನ್ ಮಾಡ್ತೀಯ?"
"ಮಾರ್ಮಲೇಡ್."
"ಅಂಗಂದ್ರೆ?"
"ಸಿಪ್ಪೆಗೆ ಸಕ್ಕರೆ ಹಾಕಿ ಕಾಯ್ಸೋದು ಅತ್ತೆ. ಬ್ರೆಡ್ಡಿಗೆ ಹಚ್ಕೊಂಡು ತಿಂತಾರೆ. ಇಂಗ್ಲಿಷಿನೋರದ್ದು."
ಸ್ವಲ್ಪ ಯೋಚಿಸಿದರು. "ಉಪ್ಪು ಆಕಕಿಲ್ವಾ?"
"ಇಲ್ಲ."
"ಅಂಗಾದ್ರೆ ಕಿತ್ಕೋ."

ಇಂಗ್ಲಿಷಿನವರ ಅಡುಗೆಗೆ ನಮ್ಮ ಶಾಸ್ತ್ರವಿಲ್ಲ. ಪುಣ್ಯ. ಹದಿನೈದು ಕಾಯಿ ಕಿತ್ತುಕೊಂಡೆ. ಮುಳ್ಳು ತರಚಿತು.

ಡಿಸೆಂಬರ್ 14, ಶನಿವಾರ
ಕೆಟ್ಟಿತು. ಉಪ್ಪಿನಕಾಯಿಗೆ ಹೆಚ್ಚುವ ಅಭ್ಯಾಸದಲ್ಲಿ ಬೀಜವನ್ನೆಲ್ಲ ತೆಗೆದು ಎಸೆದಿದ್ದೆ. ಬೀಜದಲ್ಲೇ ಅಂಟು ಇರುವುದಂತೆ, ಅದಿಲ್ಲದೆ ಗಟ್ಟಿಯಾಗುವುದಿಲ್ಲವಂತೆ. ಎರಡು ಗಂಟೆ ಕಾಯಿಸಿದರೂ ನೀರು ನೀರು. ಸಿಪ್ಪೆ ಮಾತ್ರ ಚಕ್ಕೆಯ ಹಾಗೆ ಗಟ್ಟಿ, ಬೇಯುವ ಮೊದಲೇ ಸಕ್ಕರೆ ಸುರಿದಿದ್ದೆ.

ಧನುಶ್ರೀ ಒಂದು ಚಮಚ ಬಾಯಿಗಿಟ್ಟು, "ಅಮ್ಮ, ಕೆಮ್ಮಿನ ಸಿರಪ್ಪಿಗೆ ಪರವಾಗಿಲ್ಲ" ಅಂದಳು. ಸಿಟ್ಟು ಬಂತು. ಬೈದೆ. ಅವಳ ತಪ್ಪೇನೂ ಇರಲಿಲ್ಲ.

ಡಿಸೆಂಬರ್ 15, ಭಾನುವಾರ. ಬೆಳಿಗ್ಗೆ 11
ಸುಮಾ ಬಂದಿದ್ದಳು. ಕೈಯಲ್ಲಿ ಚೀಟಿ, ಪೆನ್ನು.

"ಅಕ್ಕ, ಮೂವತ್ತು ಕಾಯಿ ಹೆಚ್ಚಿದೀನಿ. ಉಪ್ಪು ಎಷ್ಟು ಪಾವು? ಅತ್ತೆನ ಕೇಳ್ದೆ, 'ಶಿಲ್ಪನ್ನ ಕೇಳು, ಅವುಳ್ಗೆ ಗೊತ್ತು' ಅಂದು ಗೊರಗುಂಟೆಪಾಳ್ಯಕ್ಕೆ ಹೋಗ್ಬಿಟ್ರು."

ಮೈ ಉರಿಯಿತು. ಮುಟ್ಟಲು ಬೇಡ, ಹೇಳಿಕೊಡಲು ಬೇಕು. ನನ್ನ ಕೈ ಮೈಲಿಗೆ, ನನ್ನ ಅಳತೆ ಮಡಿ!

"ಎರಡೂವರೆ ಪಾವು" ಅಂದೆ.

"ಅಷ್ಟೇನಾ ಅಕ್ಕ?"

"ಮುನೀಂದ್ರನಿಗೆ ಬಿ.ಪಿ. ಇದೆಯಲ್ಲ. ಎರಡೂವರೆ ಸಾಕು."

ಗಂಡನ ಬಿ.ಪಿ. ಎಂದ ಮೇಲೆ ಮುಗಿಯಿತು. ಚೀಟಿಯಲ್ಲಿ ಬರೆದುಕೊಂಡಳು, ಕೆಳಗೆ ಒಂದು ಗೆರೆಯನ್ನೂ ಎಳೆದಳು. "ಥ್ಯಾಂಕ್ಸ್ ಅಕ್ಕ" ಅಂದಳು.

ಮೂವತ್ತು ಕಾಯಿಗೆ ನಾಲ್ಕು ಪಾವು. ನಿದ್ದೆಯಲ್ಲಿ ಕೇಳಿದರೂ ನಾಲ್ಕು ಎನ್ನುತ್ತೇನೆ. ಬೇಕೆಂದೇ ಹೇಳಿದೆ. ಇಲ್ಲಾದರೂ ನಿಜ ಬರೆಯುತ್ತೇನೆ.

ಸಂಜೆ 5
ಬಟ್ಟೆ ತೆಗೆಯಲು ಹೋದಾಗ ಕೆಳಗಿನಿಂದ ಕೂಗಿ ಹೇಳಿದಳು — "ಅಕ್ಕ, ರುಚಿ ನೋಡ್ದೆ, ಉಪ್ಪು ಹದವಾಗಿದೆ!" ಹಾಕುವ ದಿನ ಉಪ್ಪು ಹದವಾಗಿದ್ದರೆ ಆ ಜಾಡಿ ಕೆಟ್ಟಿತೆಂದೇ ಅರ್ಥ. ಬಾಯಿಗೆ ಇಡಲಾಗದಷ್ಟಿರಬೇಕು. ನಕ್ಕು ಒಳಗೆ ಬಂದೆ.

ಡಿಸೆಂಬರ್ 22, ಭಾನುವಾರ
ಬಂತು! ಈ ಸಲ ಸಿಪ್ಪೆ ಎಳೆ ಎಳೆಯಾಗಿ ಹೆಚ್ಚಿದೆ. ಬೀಜ, ಬಿಳಿ ತಿರುಳು, ಎಲ್ಲವನ್ನೂ ಜಗನ್ ಅವರ ಹಳೇ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿ ನಿನ್ನೆಯಿಂದಲೇ ನೆನೆಹಾಕಿದ್ದೆ. ಬೆಳಿಗ್ಗೆ ಸಿಪ್ಪೆ ಬೆರಳಲ್ಲಿ ನುಣ್ಣಗೆ ಹಿಸುಕುವವರೆಗೆ ಬೇಯಿಸಿ, ಗಂಟು ಹಿಂಡಿ, ಆಮೇಲೆ ಸಕ್ಕರೆ. ಫ್ರಿಜ್ಜಿನಲ್ಲಿಟ್ಟಿದ್ದ ಸ್ಟೀಲ್ ತಟ್ಟೆಗೆ ಒಂದು ತೊಟ್ಟು ಬಿಟ್ಟು ಬೆರಳಿನಿಂದ ತಳ್ಳಿದೆ. ಹಾಲಿನ ಕೆನೆಯ ಹಾಗೆ ಸುಕ್ಕಾಯಿತು. ಸ್ಟವ್ ಆರಿಸಿದೆ.

ಎಂಟು ಬಾಟಲಿ. ಕಿಟಕಿಯಲ್ಲಿಟ್ಟರೆ ಬಿಸಿಲು ಹಾಯುತ್ತದೆ. ಮೊದಲು ಸಿಹಿ, ನುಂಗಿದ ಮೇಲೆ ಕಹಿ. ಸಂತೋಷವಾಯಿತು. ಜೂನಿನ ನಂತರ ಈ ಪದ ಬರೆಯುತ್ತಿರುವುದು ಇದೇ ಮೊದಲು.

ಕೆಳಗೆ ಜಾಡಿ ಬಟ್ಟೆ ಕಟ್ಟಿಕೊಂಡು ಕೂತಿದೆ. ಏಳು ದಿನವಾಯಿತು. ಇವತ್ತು ಹೇಳಿದರೂ ಉಳಿಯುತ್ತದೆ, ಇನ್ನೂ ಒಂದೂವರೆ ಪಾವು ಬೆರೆಸಿದರಾಯಿತು. ನಾಳೆ ಹೇಳುತ್ತೇನೆ.

ಡಿಸೆಂಬರ್ 23
ಹೇಳಲಿಲ್ಲ.

ಡಿಸೆಂಬರ್ 28, ಶನಿವಾರ
ಸುಮಾ ಖಾರ ಬೆರೆಸಿ ಒಗ್ಗರಣೆ ಕೊಟ್ಟಳು. ಇಂಗು, ಮೆಂತ್ಯದ ಘಮ ಮೆಟ್ಟಿಲು ಹತ್ತಿ ಬಂತು. ಮುನೀಂದ್ರ ಬೈಕಿನಲ್ಲಿ ಅಕ್ಕ ನಾರಾಯಣಮ್ಮನ ಮನೆಗೆ ದೊಡ್ಡ ಡಬ್ಬಿ ಕೊಟ್ಟು ಬಂದ. ನನಗೂ ಒಂದು ಬಟ್ಟಲು ಬಂದಿದೆ. ಮುಚ್ಚಿಟ್ಟಿದ್ದೇನೆ. ತಿನ್ನಲು ಮನಸ್ಸು ಬರಲಿಲ್ಲ.

ಜನವರಿ 11, ಶನಿವಾರ
ನಾದಿನಿ ನಾರಾಯಣಮ್ಮ ಬೆಳಿಗ್ಗೆಯೇ ಆಟೋ ಮಾಡಿಕೊಂಡು ಬಂದರು, ಮಡಿಲಲ್ಲಿ ಡಬ್ಬಿ. ಅಂಗಳದಲ್ಲೇ ಮುಚ್ಚಳ ತೆಗೆದರು. ಬೂಷ್ಟು. ಬೆರಳು ದಪ್ಪ, ಬೆಳ್ಳಗೆ.

"ನಮ್ಮತ್ತೆ ಮನೆಯೋರ್ ಎದುರ್ಗೆ ತೆಗ್ದೆ ಕಣಮ್ಮ! ತವರ್ಮನೆ ಉಪ್ಪಿನ್ಕಾಯಿ ಅಂತ ಕೊಚ್ಕೊಂಡು ತೆಗ್ದೆ. ಮಾನ ಹೋಯ್ತು. ಈ ಹುಡುಗಿ ಕೈ ಸರಿಯಿಲ್ಲ. ಮೊದ್ಲು ಮಗು ನಿಲ್ಲಲಿಲ್ಲ, ಈಗ ಉಪ್ಪಿನ್ಕಾಯೂ ನಿಲ್ಲಲಿಲ್ಲ."

ಎಲ್ಲಿಂದ ಎಲ್ಲಿಗೆ ಹೋಯಿತು ಮಾತು. ಸುಮಾ ಕಂಬ ಹಿಡಿದು ನಿಂತಿದ್ದಳು. ಎರಡು ಸಲ ಬಸಿರು ಇಳಿದವಳು. ಮುನೀಂದ್ರ ಮೊಬೈಲ್ ನೋಡುತ್ತಿದ್ದ.

ಆಮೇಲೆ ನಾರಾಯಣಮ್ಮ ನನ್ನ ಕಡೆ ತಿರುಗಿ, "ನಿನ್ ಕೈ ಬಿಡಮ್ಮ, ಅಮೃತ. ಏನ್ಮಾಡೋದು, ಹಣೆಬರ" ಅಂದರು. ಇದೇ ಮಾತಿಗೆ ತಾನೇ ಕಾದಿದ್ದೆ? ಎಲ್ಲರ ಎದುರು ಸಿಕ್ಕಿತು. ಅಲ್ಲಿ ನಿಲ್ಲದೆ ಮೇಲೆ ಬಂದುಬಿಟ್ಟೆ.

ಜನವರಿ 12, ಭಾನುವಾರ
ಸುಮಾ ಜಾಡಿ ತೊಳೆಯುತ್ತಿದ್ದಳು. ಹೋಗಿ ಪಕ್ಕದಲ್ಲಿ ನಿಂತೆ. "ಉಪ್ಪು…" ಅಂದೆ, ಅಷ್ಟೇ.

"ನೀವು ಸರಿಯಾಗೇ ಹೇಳಿದ್ರಿ ಅಕ್ಕ. ನಂದೇ ತಪ್ಪು. ಅರ್ಧ ಪಾವು ಅಳೀವಾಗ ಕಮ್ಮಿ ಬಿದ್ದಿರ್ಬೇಕು. ಅತ್ತೆಗೂ ಅದನ್ನೇ ಹೇಳ್ದೆ. ಮುಂದಿನ ವರ್ಷದಿಂದ ನೀವೇ ಹಾಕ್ಬೇಕು ಅಂತಾನೂ ಹೇಳ್ದೆ. ಗಂಡ ಇಲ್ದಿದ್ರೆ ಕೈಗೇನಾಗುತ್ತೆ? ನಂಗೆ ಇದ್ದಾರಲ್ಲ, ಏನಾಯ್ತು?"

ನನ್ನ ಪರ ವಾದ ಮಾಡಿದ್ದಾಳೆ! ಜಾಡಿಗೆ ನೀರು ಹೊಯ್ದು ಕೊಟ್ಟೆ. ಅವಳು ತಲೆ ಎತ್ತಿದಾಗಲೆಲ್ಲ ನಾನು ನಲ್ಲಿಯ ಕಡೆ ತಿರುಗುತ್ತಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಹಾಗಿತ್ತು ನನ್ನ ಸ್ಥಿತಿ.

ಜನವರಿ 16, ಗುರುವಾರ. ಸಂಜೆ
ಹಬ್ಬ ಮುಗಿಯಿತು. ಸುಮಾ ಎಳ್ಳು ಬೀರಲು ಯಾರ ಮನೆಗೂ ಹೋಗಲಿಲ್ಲ. ತಲೆನೋವು ಎಂದಳಂತೆ.

ಕಾಲೇಜಿನಿಂದ ಬಂದು ಕಾಫಿಗೆ ಇಟ್ಟಿದ್ದೆ. ಮೆಟ್ಟಿಲ ಮೇಲೆ ಸದ್ದು. ಅತ್ತೆ! ಮಂಡಿನೋವು ಶುರುವಾದ ಮೇಲೆ ಮೇಲೆ ಹತ್ತಿದವರಲ್ಲ. ಉಸಿರು ಬಿಡುತ್ತ ಕುರ್ಚಿ ಹಿಡಿದು ಕೂತರು. ಕಿಟಕಿಯ ಬಾಟಲಿ ತೋರಿಸಿ, "ಒಸಿ ಕೊಡು" ಅಂದರು. ಚಮಚದಲ್ಲಿ ಕೊಟ್ಟೆ. ಚಪ್ಪರಿಸಿದರು.

"ಉಪ್ಪು ಎಷ್ಟು ಅಂತ ಏಳ್ದೆ ಅವುಳ್ಗೆ?"

ಬಾಟಲಿಯ ಮುಚ್ಚಳ ತಿರುಗಿಸುತ್ತ ಕೂತೆ.

"ಅಕ್ಕ ಸರ್ಯಾಗೇ ಏಳುದ್ರು, ಸರ್ಯಾಗೇ ಏಳುದ್ರು ಅಂತ ಅತ್ತು ಸಲ ಅಂದ್ಲು. ನಾನು ಕೇಳೇ ಇರ್ನಿಲ್ಲ. ಆ ಉಪ್ಪಿನ್ಕಾಯಿ ಓಳು ನಾಲ್ಗೆ ಮೇಲಿಕ್ಕಿ ನೋಡ್ದೆ. ಅದು ಕೈ ತಪ್ಪಿ ಆದ ಉಪ್ಪಲ್ಲ."

ಕಾಫಿ ಉಕ್ಕಿತು. ಎದ್ದು ಆರಿಸಲಿಲ್ಲ.

"ನಮ್ಮನೆಯೋರು ತೀರೋದ ವರ್ಸ ನೀನೂ ಬಂದು ಉಪ್ಪು ಎಷ್ಟು ಅಂತ ಕೇಳ್ದೆ. ನಾನು ಬಾಗ್ಲಾಚೆ ಕುಂತಿದ್ದೆ. ಓಳು ಅದುಮಾನ ಅಂತ ಕೈ ಚಾಚ್ದೆ. 'ಮುಟ್ಬೇಡಿ ಅತ್ತೆ, ಕೆಟ್ಟೋಗುತ್ತೆ' ಅಂದೆ ನೀನು. ನೆಪ್ಪೈತಾ?"

ಇರಲಿಲ್ಲ. ಅವರು ಹೇಳಿದ ಮೇಲೆ ಬಂತು. ಇಪ್ಪತ್ತೈದು ವರ್ಷದ ಹುಡುಗಿ, ಕೈತುಂಬ ಬಳೆ, ಎಷ್ಟು ಸಲೀಸಾಗಿ ಹೇಳಿದ್ದೆ.

"ಒಟ್ಟೆ ಉರೀತು. ಎರಡು ಪಾವು ಅನ್ಬೋದಿತ್ತು ನಾನೂ. ನಾಲ್ಕು ಅಂದೆ ಕಣವ್ವ. ನಾಲ್ಕೇ ಅಂದೆ."

ಎದ್ದರು. ಬಾಟಲಿಯ ಕಡೆ ಇನ್ನೊಂದು ಸಲ ನೋಡಿ, "ಇದು ಚೆನ್ನಾಗದೆ. ಕೈಯೇನೂ ಕೆಟ್ಟಿಲ್ಲ ನಿಂದು" ಅಂದರು. ನಾನು ಕೈ ಹಿಡಿಯಲು ಹೋದೆ, ಬೇಡವೆಂದರು. ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದರು.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಅವರ ಕಾಲ ಬಂದಾಗ ಅವರು ಹಾಗೆ ನಡೆದುಕೊಂಡರು. ನನ್ನ ಕಾಲ ಬಂದಾಗ ನಾನು ಹೀಗೆ. ಇಪ್ಪತ್ತೊಂದು ವರ್ಷ ನನ್ನದೆಂದುಕೊಂಡ ಕೈಗುಣ ಅವರು ಕೊಟ್ಟದ್ದು. ನಾಚಿಕೆಯಾಗುತ್ತಿದೆ. ಬೇರೆ ಪದವಿಲ್ಲ.

ಜನವರಿ 19, ಭಾನುವಾರ. ಬೆಳಿಗ್ಗೆ 10
ಸುಮಾ ಬಂದಿದ್ದಾಳೆ. ಮಾರ್ಮಲೇಡ್ ಕಲಿಯಬೇಕಂತೆ. ನಾರಾಯಣಮ್ಮನ ಮನೆಗೆ ತಾನೇ ಮಾಡಿ ಒಂದು ಬಾಟಲಿ ಕಳಿಸಬೇಕಂತೆ, ಹೋದ ಮರ್ಯಾದೆ ಸ್ವಲ್ಪವಾದರೂ ಬರಲಿ ಎಂದು. ನಾನು ಕರೆದಿರಲಿಲ್ಲ.

ಸಿಪ್ಪೆ ಬೇಯುತ್ತಿದೆ. ಅಡುಗೆಮನೆಯಲ್ಲಿ ಕೂತು ಸಕ್ಕರೆ ತೂಗುತ್ತಿದ್ದಾಳೆ, ಹೊಸ ತೂಕದ ಮೆಷಿನ್ ತರಿಸಿಕೊಂಡಿದ್ದಾಳೆ. ಪಾವು ಹಿಡಿಯಲು ಹೆದರಿಕೆಯಂತೆ. ನಾನು ಒಂದು ಕೆ.ಜಿ. ಸಿಪ್ಪೆಗೆ ಒಂದೂಕಾಲು ಕೆ.ಜಿ. ಸಕ್ಕರೆ ಅಂದೆ. ನಿಜವನ್ನೇ ಹೇಳಿದೆ. ಅವಳು ಬರೆದುಕೊಂಡು, "ಇನ್ನೊಂದ್ಸಲ ಹೇಳಿ ಅಕ್ಕ, ನನ್ನ ಕಿವಿ ಮೇಲೆ ನಂಗೆ ನಂಬಿಕೆ ಇಲ್ಲ" ಅಂದಳು. ಹೇಳಿದೆ. ಮತ್ತೆ ಕೇಳಿದಳು. ಮೂರನೇ ಸಲ ತಡೆಯಲಾಗದೆ ಪೆನ್ನು ಹುಡುಕುವ ನೆಪ ಮಾಡಿ ಈ ರೂಮಿಗೆ ಬಂದೆ.

ಬಾಯಲ್ಲಿ ಬರುವುದಿಲ್ಲ. ಬರೆದೇ ಅವಳ ಕೈಗೆ ಕೊಡುತ್ತೇನೆ. ಈ ಹಾಳೆಯನ್ನೇ ಹರಿದು.

ಸುಮಾ, ಅವತ್ತು ನಿನ್ನ ಕೈ ತಪ್ಪಲಿಲ್ಲ. ನಾಲ್ಕು ಪಾವು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು